ಹಳೆ ಪ್ಯಾಲೆಟ್ ಮರದಲ್ಲಿ ಕಟ್ಟುವ ಆಟಿಕೆ: ಮಗನಿಗೂ ಅದೇ, ಮಗಳಿಗೂ ಅದೇ

ಪುಣೆಯ ಯಾವುದೇ ಆಟಿಕೆ ಅಂಗಡಿಗೆ ಹೋಗಿ, ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: ಮಗನಿಗೋ, ಮಗಳಿಗೋ? ಮಗನಿಗೆ ಕಟ್ಟುವ ಸೆಟ್ಟು, ಮಗಳಿಗೆ ಅಡುಗೆ ಸೆಟ್ಟು. ಆದರೆ ಒಂದರ ಮೇಲೊಂದು ಇಡುವುದು, ಬೀಳಿಸುವುದು, ಮತ್ತೆ ಇಡುವುದು ಎಲ್ಲ ಮಕ್ಕಳಿಗೂ ಬೇಕು. ತೂಕ, ಅಳತೆ, ಸಮತೋಲ ಕೈಗೆ ಹತ್ತುವುದೇ ಹಾಗೆ. ಅಂಥ ಮರದ ತುಂಡುಗಳನ್ನು ನಾವೇ ಮಾಡಿಕೊಡಬಹುದು. ಹೊಸ ಮರ ಕಡಿಸಬೇಕಿಲ್ಲ.

ಮೊದಲು ಮರ. ಚಾಕಣ್, ಪಿಂಪ್ರಿ ಕಡೆ ಕಾರ್ಖಾನೆಗಳು ಜಾಸ್ತಿ, ಸರಕಿನ ಅಡಿಗಿಡುವ ಹಳೆ ಪ್ಯಾಲೆಟ್‌ಗಳು ಗುಜರಿಯಲ್ಲಿ ಸಿಗುತ್ತವೆ. ಪಕ್ಕದಲ್ಲಿ ಒತ್ತಿರುವ ಮುದ್ರೆ ನೋಡಿ. ‘ಎಚ್‌ಟಿ’ ಎಂದಿದ್ದರೆ ಬಿಸಿ ಮಾಡಿ ಹುಳ ಕೊಂದ ಮರ, ತಗೊಳ್ಳಿ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು, ಬೇಡವೇ ಬೇಡ. ಮುದ್ರೆ ಇಲ್ಲದ್ದು, ಎಣ್ಣೆ ಕಲೆ ಇರುವುದು, ಕೆಮಿಕಲ್ ವಾಸನೆ ಬರುವುದು ಕೂಡ ಬೇಡ. ಇಲ್ಲವೇ ಭವಾನಿ ಪೇಠದ ಟಿಂಬರ್ ಮಾರ್ಕೆಟ್ ಕಡೆ ಬಡಗಿಗಳನ್ನು ಕೇಳಿ, ಬಾಗಿಲ ಚೌಕಟ್ಟಿನಲ್ಲಿ ಉಳಿದ ಸಾಗವಾನಿ ತುಂಡು ಸಿಕ್ಕೀತು. ಪ್ಲೈವುಡ್ ಬಿಡಿ, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡುವ ಎಂಡಿಎಫ್ ಹಲಗೆಯನ್ನೂ ಬಿಡಿ. ಅವುಗಳ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ರಾಸಾಯನಿಕ ಇರುತ್ತದೆ.

ಇನ್ನು ಅಳತೆ. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಅಮೆರಿಕದ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ನೂರು ವರ್ಷಕ್ಕೂ ಹಿಂದೆ ಹಾಕಿಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತದೆ: ದಪ್ಪದ ಎರಡರಷ್ಟು ಅಗಲ, ಅಗಲದ ಎರಡರಷ್ಟು ಉದ್ದ. ಪ್ಯಾಲೆಟ್ ಹಲಗೆ 2 ಸೆಂ.ಮೀ. ದಪ್ಪವಿದ್ದರೆ 4 ಅಗಲ, 8 ಉದ್ದ. ಇದು ಪೂರ್ತಿ ತುಂಡು. ಜೊತೆಗೆ ಅರ್ಧ ಉದ್ದದ್ದು, ಎರಡರಷ್ಟು ಉದ್ದದ್ದು, ಅರ್ಧವನ್ನು ಮೂಲೆಯಿಂದ ಮೂಲೆಗೆ ಸೀಳಿದ ತ್ರಿಕೋನ. ಅರ್ಧದ್ದೇ ಜಾಸ್ತಿ ಇರಲಿ. ಎಲ್ಲ ಗುರುತನ್ನೂ ಒಟ್ಟಿಗೆ ಹಾಕಬೇಡಿ. ಗರಗಸ ಪ್ರತಿ ಸಲ ಒಂದೆರಡು ಮಿ.ಮೀ. ಮರ ತಿನ್ನುತ್ತದೆ, ಹಾಗಾಗಿ ಕೊಯ್ದ ಮೇಲೆ ಮತ್ತೆ ಅಳೆಯಿರಿ. ಎರಡು ಅರ್ಧಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಪಕ್ಕದಲ್ಲಿ ಪೂರ್ತಿ ತುಂಡು ನಿಲ್ಲಿಸಿ, ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಇನ್ನಷ್ಟು ಉಜ್ಜಬೇಕು. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ, ಯಾವ ತುಂಡೂ 31.7 ಮಿ.ಮೀ. ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯಬಾರದು. ಗಂಟಲಿಗೆ ಸಿಕ್ಕದಿರಲಿ ಅಂತ ಇಟ್ಟ ಅಳತೆ ಅದು.

ಉಜ್ಜುಕಾಗದ 80, 120, 220 ನಂಬರಿನ ಕ್ರಮದಲ್ಲಿ. ಮೂಲೆಗಳು ದುಂಡಗಾಗಲಿ. ಕೊನೆಗೆ ತುಂಡನ್ನು ನಿಮ್ಮ ಕೆನ್ನೆಗೆ ಉಜ್ಜಿ ನೋಡಿ. ಗಾಣದ ಅಗಸೆ ಎಣ್ಣೆ, ಇಲ್ಲಿನ ಅಂಗಡಿಯಲ್ಲಿ ಜವಸ ಅಂತ ಕೇಳಿ, ತೆಳ್ಳಗೆ ಹಚ್ಚಿ ಒಣಗಿಸಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ, ತನ್ನಷ್ಟಕ್ಕೆ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರವಿ.

ಬಣ್ಣ ಬೇಡ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನೀಲಿ ಸೆಟ್ಟಿಗೆ ಗುಲಾಬಿ ಬಳಿದು ಹುಡುಗಿಯರಿಗೆ ಕೊಟ್ಟರೆ ಹುಡುಗ ಹುಡುಗಿಯರ ನಡುವಿನ ಗೋಡೆ ಇನ್ನೂ ಎತ್ತರವಾಗುತ್ತದೆ, ಅಷ್ಟೇ. ಬರಿ ಮರದ ತುಂಡು ಬಸ್ಸೂ ಆಗುತ್ತದೆ, ಒಲೆಯೂ ಆಗುತ್ತದೆ. ಶಿಶುವಿಹಾರದಲ್ಲಾದರೆ ತುಂಡುಗಳ ಬುಟ್ಟಿಯನ್ನು ಅಡುಗೆ ಆಟದ ಪಕ್ಕದಲ್ಲೇ ಇಡಿ. ಹಳೆ ಸೀರೆ ಚೂರು, ನಯ ಮಾಡಿದ ತೆಂಗಿನ ಚಿಪ್ಪು ಜೊತೆಗಿರಲಿ. ಆಗ ಮನೆ ಕಟ್ಟಿದವರು ಅಡುಗೆಗೂ ಕೂರುತ್ತಾರೆ, ಅಡುಗೆ ಮಾಡಿದವರು ಗೋಡೆಯನ್ನೂ ಎಬ್ಬಿಸುತ್ತಾರೆ. ನಮ್ಮ ಮಾತೂ ಮುಖ್ಯ ಅಲ್ವಾ? ಹುಡುಗನಿಗೆ ‘ಭೇಷ್ ಇಂಜಿನಿಯರ್’, ಹುಡುಗಿಗೆ ‘ಎಷ್ಟು ಚೆಂದ’ ಅನ್ನುವುದನ್ನು ಬಿಟ್ಟು, ಇಬ್ಬರಿಗೂ ‘ಇದು ಬೀಳದ ಹಾಗೆ ಹೇಗೆ ನಿಲ್ಲಿಸಿದೆ?’ ಅಂತ ಕೇಳಿ.

ನಮ್ಮ ಕನ್ನಡ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಕೆಳಗಿನ ಪುಟ್ಟ ಮೆಟ್ಟಿಲನ್ನು ಮಗನೇ ಈ ತುಂಡುಗಳಲ್ಲಿ ಜೋಡಿಸಲಿ. ದೀಪಾವಳಿಗೆ ಇಲ್ಲಿನ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟುತ್ತಾರಲ್ಲ, ಅದರ ಬುರುಜನ್ನು ಮಗಳು ಈ ತುಂಡುಗಳಲ್ಲೇ ಎಬ್ಬಿಸಲಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು, ನೀರಲ್ಲಿ ನೆನೆಸಬೇಡಿ. ಮಳೆಗಾಲದಲ್ಲಿ ಗಾಳಿ ಆಡುವ ಬುಟ್ಟಿಯಲ್ಲಿಡಿ.

ಮಾರುವ ಯೋಚನೆ ಇದ್ದರೆ ಮೊದಲು ನಿಯಮ ವಿಚಾರಿಸಿ. 14 ವರ್ಷದೊಳಗಿನವರ ಆಟಿಕೆಗೆ 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗಳಿಗೆ ವಿನಾಯಿತಿ ಇದೆ.