ಸೆಕೆಂಡ್ ಹ್ಯಾಂಡ್ ಕೋಪೋ ಕಮಾರೋ ನೋಡುವುದು ಹೇಗೆ

ಬಾನೆಟ್ ಎತ್ತಬೇಡಿ. ಶೆವ್ರೊಲೆ ವಿಶೇಷ ಆರ್ಡರಿನ ಮೇಲೆ ಕಟ್ಟಿಕೊಟ್ಟ ಕೋಪೋ ಕಮಾರೋ ಆಗಲಿ, ಫೋರ್ಡ್‌ನ ಕೋಬ್ರಾ ಜೆಟ್ ಮಸ್ಟಾಂಗ್ ಆಗಲಿ, ಕಾರು ಕಂಡ ತಕ್ಷಣ ಎಲ್ಲರ ಕೈ ಅಲ್ಲಿಗೇ ಹೋಗುತ್ತದೆ. ಇಂಜಿನ್ ಕೆಟ್ಟಿದ್ದರೆ ಬಿಚ್ಚಿ ಕಟ್ಟಬಹುದು. ಬಾಡಿ ತಿರುಚಿಕೊಂಡಿದ್ದರೆ ಅದು ಬೇರೆಯೇ ಕಥೆ.

ಮೊದಲು ಕಾಗದ ಕೇಳಿ. 1969ರಲ್ಲಿ 427 ಘನ ಇಂಚಿನ ಅಲ್ಯೂಮಿನಿಯಂ ಇಂಜಿನ್ನಿನ ಝಡ್‌ಎಲ್1 ಎಂಬ ಕೋಪೋ ಕಮಾರೋ ಬಂದಿದ್ದು 69 ಮಾತ್ರ. 2012ರಲ್ಲಿ ಶೆವ್ರೊಲೆ ಕೋಪೋ ಹೆಸರನ್ನು ಮತ್ತೆ ತಂದಾಗಲೂ 69 ಕಾರುಗಳನ್ನೇ ಕಟ್ಟಿತು. ಆದರೆ ಹಳೆಯದು ರಸ್ತೆಗೂ ಇಳಿಯುತ್ತಿತ್ತು, ಹೊಸದು ಡ್ರ್ಯಾಗ್ ಸ್ಟ್ರಿಪ್‌ಗೆ, ಅಂದರೆ ನೇರ ಓಟದ ಟ್ರ್ಯಾಕ್‌ಗೆ ಮಾತ್ರ. "ಆಮೇಲೆ ರಿಜಿಸ್ಟರ್ ಮಾಡಿಸಿಕೊಳ್ಳಿ" ಅನ್ನುವವರ ಮಾತು ನಂಬಬೇಡಿ. ಕಾಗದದ ನಂಬರೂ ಕಾರಿನ ನಂಬರೂ ಒಂದೇನಾ ನೋಡಿ.

ಈಗ ಟಾರ್ಚ್ ಹಿಡಿದು ಕಾರಿನ ಕೆಳಗೆ ತೂರಿ. ಇಲ್ಲಿ ಅರ್ಧ ಗಂಟೆ ಕಳೆದರೂ ಜಾಸ್ತಿ ಅಲ್ಲ. 2012ರ ಶೋರೂಮಿನ ಕಮಾರೋಗೆ ಹಿಂಬದಿಯಲ್ಲಿ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇತ್ತು, ಒಂದೊಂದು ಚಕ್ರವೂ ತನ್ನಷ್ಟಕ್ಕೆ ಏರಿಳಿಯುತ್ತಿತ್ತು. ಹೊಸ ಕೋಪೋಗೆ ಅದನ್ನು ತೆಗೆದು ಎರಡೂ ಚಕ್ರ ಸೇರಿಸುವ ಒಂದೇ ಗಟ್ಟಿ ಆಕ್ಸಲ್ ಹಾಕಿದರು. ಓಟ ಶುರುವಿನ ಹಸಿರು ದೀಪ ಬಿದ್ದಾಗ ಗೀರಿಲ್ಲದ ಸ್ಲಿಕ್ ಟಯರ್ ನೆಲ ಕಚ್ಚುತ್ತದೆ, ಮುಂದಿನ ಚಕ್ರ ಮೇಲೇಳುತ್ತದೆ. ಆ ಏಟೆಲ್ಲ ಬೀಳುವುದು ಆಕ್ಸಲ್‌ನ ಲಿಂಕ್‌ಗಳು ಬಾಡಿಗೆ ಸೇರುವ ಜಾಗಕ್ಕೆ. ಅಲ್ಲಿನ ವೆಲ್ಡಿಂಗ್ ಮೇಲೆ ಬೆರಳಾಡಿಸಿ. ಒಂದು ಸಲ ಗೆಳೆಯನಿಗಾಗಿ ಕಾರು ನೋಡಲು ಹೋಗಿದ್ದೆ. ಆ ಒಂದು ಮೂಲೆಯಲ್ಲಿ ಮಾತ್ರ ಪೇಂಟ್ ಹೊಸದಾಗಿತ್ತು. ಉಗುರಿನಿಂದ ಕೆರೆದರೆ ಕೆಳಗೆ ಕೂದಲೆಳೆಯಷ್ಟು ಬಿರುಕು. ಅವನು ತುಂಬಾ ಆಸೆಪಟ್ಟಿದ್ದ, ಆದರೂ ಬೇಡ ಅಂದೆ. ಇವತ್ತಿಗೂ ಅದೇ ಸರಿ ಅನ್ನಿಸುತ್ತದೆ.

ಬಾಗಿಲಿನ ಸಂದು ಮೇಲೆ ಕೆಳಗೆ ಒಂದೇ ಸಮ ಇದೆಯಾ ನೋಡಿ. ಎತ್ತಿ ಮುಚ್ಚಬೇಕಾದರೆ ಅನುಮಾನ ಪಡಿ.

ಒಳಗೆ ಕಾರು ಮಗುಚಿದರೆ ಕಾಯುವ ಪೈಪಿನ ಚೌಕಟ್ಟು, ಅಂದರೆ ರೋಲ್ ಕೇಜ್ ಮೇಲಿನ ಸ್ಟಿಕ್ಕರ್ ಓದಿ. ಕಾಲು ಮೈಲಿಯನ್ನು 9.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಮುಗಿಸುವ ಇಂಥ ರೇಸ್ ಕಾರಿಗೆ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಚಾಸಿ ಸರ್ಟಿಫಿಕೇಟ್ ಕೇಳುತ್ತದೆ. ಸೀಟ್ ಬೆಲ್ಟ್‌ಗೂ ತಾರೀಖಿದೆ. ಹೊಸದರಂತೆ ಹೊಳೆಯುತ್ತಿದೆ ಅಂತ ಸುಮ್ನೆ ಬಿಡಬೇಡಿ, ಅದು ಹಿಡಿದಿಡಬೇಕಾದದ್ದು ಒಂದು ಜೀವವನ್ನು.

ಇನ್ನು ಬಾನೆಟ್ ಎತ್ತಿ. ಎಂಟೂ ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವ ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಒಂದೇ ಒಂದು ಮಿಕ್ಕವಕ್ಕಿಂತ ಹೆಚ್ಚು ಗಾಳಿ ಬಿಟ್ಟರೆ ಎಲ್ಲಿಂದ ಹೋಗುತ್ತಿದೆ ಅಂತ ಕಿವಿಗೊಡಿ: ಎಕ್ಸಾಸ್ಟ್‌ನಲ್ಲಿ ಸದ್ದು ಕೇಳಿದರೆ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್. ಎಷ್ಟು ಓಟ ಆಗಿದೆ, ವಾಲ್ವ್ ಸ್ಪ್ರಿಂಗ್ ಯಾವಾಗ ಬದಲಾಯಿಸಿದರು ಅಂತ ಬರೆದಿಟ್ಟ ಪುಸ್ತಕ ಕೇಳಿ. ನಾನಾದರೆ ಮಾಸಿದ ಬಣ್ಣದ ಕಾರಿನ ಜೊತೆ ಅಂಥ ಪುಸ್ತಕ ಸಿಕ್ಕರೆ ಅದನ್ನೇ ತಗೊಳ್ಳುತ್ತೇನೆ.