ಹಿತ್ತಲಿನ ಓಕ್ ಮರಕ್ಕೆ ಕೈಹಾಕುವ ಮುನ್ನ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ

ಬೇ ಏರಿಯಾದಲ್ಲಿ ಮನೆ ಕೊಳ್ಳುವವರು ಶಾಲೆ, ಸಾಲದ ಕಂತು, ವಾಸ್ತು ಎಲ್ಲವನ್ನೂ ವಿಚಾರಿಸುತ್ತಾರೆ. ಹಿತ್ತಲಿನ ಮರ ಯಾವ ಜಾತಿಯದು ಎಂದು ಕೇಳುವವರು ಕಡಿಮೆ. ಅದು ಕೋಸ್ಟ್ ಲೈವ್ ಓಕ್ ಆಗಿದ್ದರೆ, ಜಾಗ ನಿಮ್ಮದಾದರೂ ಅನುಮತಿಯಿಲ್ಲದೆ ಅದನ್ನು ಕಡಿಯಲು ಅನೇಕ ಊರುಗಳಲ್ಲಿ ಅವಕಾಶವಿಲ್ಲ.

ಇದು ನಿತ್ಯಹಸಿರು ಮರ, ಚಳಿಗಾಲದಲ್ಲೂ ಬೋಳಾಗುವುದಿಲ್ಲ. ಎಲೆ ಬೋರಲು ಹಾಕಿದ ಹರಿಗೋಲಿನಂತೆ ಉಬ್ಬಿರುತ್ತದೆ, ಅಂಚಿನಲ್ಲಿ ಚುಚ್ಚುವ ಸಣ್ಣ ಮುಳ್ಳು. ಎಲೆಯನ್ನು ಮಗುಚಿ ನೋಡಿ: ನಡುನರದಿಂದ ಪಕ್ಕದ ನರಗಳು ಕವಲೊಡೆಯುವ ಮೂಲೆಗಳಲ್ಲಿ ರೋಮದ ಪುಟ್ಟ ಕುಚ್ಚುಗಳು ಕಂಡರೆ ಬಹುಮಟ್ಟಿಗೆ ಇದೇ. ಮೆಂಡೊಸಿನೊ ಕೌಂಟಿಯಿಂದ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಉತ್ತರ ಭಾಗದವರೆಗೆ, ಕಡಲಿಗೆ ಹತ್ತಿರದ ಗುಡ್ಡ, ಕಣಿವೆಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ಓಕ್ಲೆಂಡ್‌ಗೆ ಆ ಹೆಸರು ಬಂದದ್ದೇ ಅಲ್ಲಿದ್ದ ಓಕ್ ತೋಪುಗಳಿಂದ. ಈ ಭಾಗದ ಮೂಲನಿವಾಸಿಗಳಾದ ಓಹ್ಲೋನಿ ಜನ ಓಕ್ ಕಾಯಿಗಳನ್ನು ಕುಟ್ಟಿ, ನೀರಿನಲ್ಲಿ ಒಗರು ತೆಗೆದು ಗಂಜಿ ಕಾಯಿಸುತ್ತಿದ್ದರು.

ಹಿತ್ತಲಿನ ಮರಕ್ಕೆ ಇಡೀ ರಾಜ್ಯಕ್ಕೆ ಒಂದೇ ನಿಯಮ ಎಂಬುದಿಲ್ಲ, ಊರೂರಿಗೆ ಬೇರೆ. ಓಕ್ಲೆಂಡ್‌ನಲ್ಲಿ ಕಾಂಡದ ಅಡ್ಡಳತೆ 4 ಇಂಚು ಮುಟ್ಟಿದರೆ ಸಂರಕ್ಷಿತ. ಪಾಲೊ ಆಲ್ಟೊದಲ್ಲಿ 11.5 ಇಂಚು. ಅಳೆಯಬೇಕಾದ್ದು ನೆಲದಿಂದ ನಾಲ್ಕೂವರೆ ಅಡಿ ಮೇಲೆ. ಟೇಪಿನಿಂದ ಸುತ್ತಳತೆ ಹಿಡಿದು 3.14ರಿಂದ ಭಾಗಿಸಿ. ಕಡಿಯಬೇಕೆಂದರೆ ನಗರಾಡಳಿತಕ್ಕೆ ಅರ್ಜಿ ಹಾಕಬೇಕು, ಎಷ್ಟೋ ಕಡೆ ಪ್ರಮಾಣಪತ್ರವಿರುವ ಅರ್ಬೊರಿಸ್ಟ್‌ನ (ಮರಗಳ ತಜ್ಞನ) ವರದಿಯನ್ನೂ ಕೇಳುತ್ತಾರೆ. ಕೊಂಬೆಗಳನ್ನು ಅತಿಯಾಗಿ ಸವರುವುದು, ಬೇರು ಕತ್ತರಿಸುವುದು ಕೂಡ ದಂಡಕ್ಕೆ ದಾರಿಯಾಗಬಹುದು. ಹೊಸ ಕೋಣೆಯೋ ಈಜುಕೊಳವೋ ಕಟ್ಟುವ ಯೋಚನೆಯಿದ್ದರೆ ನಕ್ಷೆ ಬರೆಸುವ ಮೊದಲೇ ವಿಚಾರಿಸಿ.

ಆದರೆ ನನಗೆ ಕಾಗದಪತ್ರಕ್ಕಿಂತ ಹೆಚ್ಚು ಚಿಂತೆ ನೀರಿನದು. ನಮ್ಮ ಕಡೆ ಗಿಡ ಸಾಕುವುದೆಂದರೆ ದಿನಾ ನೀರು ಹಾಕುವುದು. ಈ ಮರ ಒಣ ಬೇಸಿಗೆಗೆ ಒಗ್ಗಿಕೊಂಡದ್ದು. ಬಿಸಿ ನೆಲದಲ್ಲಿ ಬುಡ ಸದಾ ಒದ್ದೆಯಿದ್ದರೆ ಬೇರು ಕೊಳೆಯುವ ರೋಗ ಹಿಡಿಯುತ್ತದೆ, ನೂರಾರು ವರ್ಷದ ಮರವೂ ಸಾಯುತ್ತದೆ. ಬುಡದ ಸುತ್ತ ಹುಲ್ಲುಹಾಸು ಬೇಡ, ಸ್ಪ್ರಿಂಕ್ಲರ್ ಬೇಡ, ಮಣ್ಣು ಏರಿಸುವುದೂ ಬೇಡ. ಉದುರಿದ ಎಲೆಯನ್ನು ಅಲ್ಲೇ ಬಿಡಿ, ಅದೇ ಅದಕ್ಕೆ ಗೊಬ್ಬರ. ಮಲ್ಲಿಗೆ, ಕರಿಬೇವು ಕುಂಡದಲ್ಲಿರಲಿ, ಬಿಸಿಲಿರುವ ಇನ್ನೊಂದು ಮೂಲೆಯಲ್ಲಿ.

ಗಾಳಿಮಳೆಗೆ ಕೊಂಬೆ ಮುರಿದು ಮನೆಯ ಮೇಲೆ ವಾಲಿದ್ದರೆ, ಮೊದಲು ಫೋಟೋ ತೆಗೆದು ನಗರದ ಮರಗಳ ವಿಭಾಗಕ್ಕೆ ಫೋನ್ ಮಾಡಿ. ಅಪಾಯದ ಮರಕ್ಕೆ ತುರ್ತು ಅನುಮತಿಯ ದಾರಿ ಇರುತ್ತದೆ.