ಕಾಫಿ ಅಂಗಡಿಯ ವೈಫೈನಲ್ಲಿ ಕಕ್ಷಿದಾರರ ಕಡತ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ಕರೆಂಟು ಹೋಯಿತೆಂದರೆ ಮಡಿಕೇರಿಯ ವಕೀಲರಿಗೆ ಜನರೇಟರ್ ಇರುವ ಕಾಫಿ ಅಂಗಡಿಯೇ ಆಫೀಸು. ನಾಳೆ ಸಲ್ಲಿಸಬೇಕಾದ ವಾದಪತ್ರ, ಜಮ್ಮಾ ಬಾಣೆಯ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಪಾಲಿನ ಕಾಗದ ಎಲ್ಲವೂ ಅಲ್ಲಿನ ವೈಫೈ ಮೇಲೆಯೇ ಓಡಾಡುತ್ತವೆ.

ಮೊದಲು, ಆ ವೈಫೈ ಬೇಕೇ ನೋಡಿ. ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಇದ್ದರೂ ಸ್ವಂತ ಹಾಟ್‌ಸ್ಪಾಟ್ ಹಾಕಿ, ನಿಧಾನವಾದರೆ ಆಗಲಿ. ಪಾಸ್‌ವರ್ಡ್ ಮಾತ್ರ ಮನೆಹೆಸರಾಗಬಾರದು, ಕೊಡಗಿನಲ್ಲಿ ಅದು ಯಾರಿಗೆ ಗೊತ್ತಿಲ್ಲ?

ಗೋಡೆಯ ಮೇಲೆ ಬರೆದ ಪಾಸ್‌ವರ್ಡಿಗೆ ಬೀಗದ ಬೆಲೆ ಇಲ್ಲ. ವೈಫೈಗೆ ಬೀಗ ಹಾಕುವ ಡಬ್ಲ್ಯುಪಿಎ2 ಪದ್ಧತಿಯಲ್ಲಿ ಪಾಸ್‌ವರ್ಡ್ ಗೊತ್ತಿದ್ದವನು, ನೀವು ಸಂಪರ್ಕಕ್ಕೆ ಸೇರುವ ಕ್ಷಣದ ವಿನಿಮಯವನ್ನು ಹಿಡಿದಿಟ್ಟುಕೊಂಡರೆ, ವೈಫೈ ಹಾಕಿದ ಗೂಢಲಿಪಿಯನ್ನು ಬಿಡಿಸಬಲ್ಲ. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ತೂತು ಮುಚ್ಚಿತು, ಆದರೆ ಅಂಗಡಿಯ ಹಳೇ ರೂಟರ್ ಅದನ್ನು ಕಂಡಿರಬೇಕಲ್ಲ! ಎಚ್‌ಟಿಟಿಪಿಎಸ್ (https ಎಂದು ಶುರುವಾಗುವ ವಿಳಾಸ) ಇದ್ದರೆ ಬರಹ ಕಾಣದು. ಯಾವ ತಾಣಕ್ಕೆ ಹೋದಿರಿ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. 'ಪ್ರಮಾಣಪತ್ರ ಸರಿಯಿಲ್ಲ' ಎಂಬ ಎಚ್ಚರಿಕೆ ಬಂದರೆ ಮುಂದೆ ಒತ್ತಬೇಡಿ, ಲ್ಯಾಪ್‌ಟಾಪ್ ಮುಚ್ಚಿ.

ಸೇರಲೇಬೇಕಾದರೆ ವೈಫೈ ಹೆಸರನ್ನು ಗಲ್ಲಾದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಅದೇ ಹೆಸರಿಟ್ಟು ಇನ್ನೊಂದನ್ನು ಹಬ್ಬಿಸಲು ಒಂದು ಫೋನು ಸಾಕು. ವಿಂಡೋಸ್‌ನಲ್ಲಿ 'ಸಾರ್ವಜನಿಕ ಜಾಲ' ಆರಿಸಿ, ಫೈಲ್ ಹಂಚಿಕೆ ನಿಲ್ಲಿಸಿ. ನಂತರ ವಿಪಿಎನ್ (ನಿಮ್ಮ ಸಂಪರ್ಕವನ್ನು ಗೂಢಲಿಪಿಯಲ್ಲಿ ಬೇರೊಂದು ಸರ್ವರ್ ಮೂಲಕ ಸಾಗಿಸುವ ಸೇವೆ) ಹಾಕಿ, ಆಮೇಲೆಯೇ ಇಮೇಲ್ ತೆರೆಯಿರಿ. ಪುಕ್ಕಟೆ ವಿಪಿಎನ್ ಬೇಡ: ನೀವು ಅಂಗಡಿಯವನಿಂದ ಬಚ್ಚಿಟ್ಟದ್ದು ಅದನ್ನು ನಡೆಸುವವನ ಕೈಗೆ ಹೋಗುತ್ತದೆ. ಏಳುವಾಗ ಆ ಜಾಲವನ್ನು ಫೋನು, ಲ್ಯಾಪ್‌ಟಾಪ್ ಎರಡರಿಂದಲೂ ಅಳಿಸಿ. ಇಲ್ಲದಿದ್ದರೆ ಅದೇ ಹೆಸರು ಕಂಡಲ್ಲೆಲ್ಲ ತಾವಾಗಿ ಸೇರಿಕೊಂಡಾವು.

ಬಿಟ್‌ಲಾಕರ್ ಅಥವಾ ಫೈಲ್‌ವಾಲ್ಟ್ (ಲ್ಯಾಪ್‌ಟಾಪಿನ ಡಿಸ್ಕಿಗೇ ಗೂಢಲಿಪಿ ಹಾಕುವ ವ್ಯವಸ್ಥೆ) ಇಂದೇ ಹಾಕಿಸಿ. ವೈಫೈ ಕಳ್ಳನಿಗಿಂತ ವಿರಾಜಪೇಟೆ ಬಸ್ಸಿನಲ್ಲಿ ಮರೆತ ಬ್ಯಾಗೇ ನನಗೆ ಹೆಚ್ಚು ಭಯ.

ಅದಕ್ಕಿಂತಲೂ ಹೆಚ್ಚಿನದು ಪಕ್ಕದ ಮೇಜಿನ ಕಿವಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕಕ್ಷಿದಾರರು ಹೇಳಿದ ಗುಟ್ಟನ್ನು ವಕೀಲರು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆನ್ನುತ್ತದೆ. ಗುಮಾಸ್ತರಿಗೂ ಅದೇ ಕಟ್ಟು. ಇಲ್ಲಿ ಒಕ್ಕದ (ಕೊಡವ ಕುಲದ) ಹೆಸರೊಂದು ಕೇಳಿದರೆ ಸಾಕು, ಯಾವ ತೋಟ, ಯಾವ ಅಣ್ಣತಮ್ಮಂದಿರ ಜಗಳ ಎಂದು ಚಹಾ ಆರುವುದರೊಳಗೆ ಊಹಿಸುತ್ತಾರೆ. ಗೋಡೆಗೆ ಬೆನ್ನು ಕೊಟ್ಟು ಕೂರಿ. ಕರೆ ಬಂದರೆ ಮಳೆಯಿದ್ದರೂ ಹೊರಗೆ ಜಗಲಿಗೆ ಹೋಗಿ, ಲ್ಯಾಪ್‌ಟಾಪನ್ನೂ ಎತ್ತಿಕೊಂಡೇ.